ಹುಬ್ಬಳ್ಳಿಯಲ್ಲಿ ಸಾಕು ಅಂದರೆ

ಬ್ಯಾಟರಿಗೆ ಬಾಯಿ ಬಂದರೆ ಏನಾಗುತ್ತದೆ? ಕಂಪನಿಯವರು ಈ ಪ್ರಶ್ನೆ ಕೇಳಿಕೊಂಡಾಗ ಅವರ ತಲೆಯಲ್ಲಿ ಇದ್ದದ್ದು ಒಂದೇ ಉತ್ತರ: ಜನ ಅದರ ಮಾತು ಕೇಳುತ್ತಾರೆ. ಜನರ ಬಗ್ಗೆ ಇಷ್ಟು ಒಳ್ಳೆಯ ಅಭಿಪ್ರಾಯ ಇಟ್ಟುಕೊಳ್ಳುವುದು ಪ್ರಯೋಗಾಲಯದೊಳಗೆ ಕುಳಿತವರಿಗೆ ಮಾತ್ರ ಸಾಧ್ಯ.

ಬಾಯಿ ಕೊಡಬೇಕಾಗಿ ಬಂದದ್ದಕ್ಕೆ ಕಾರಣವಿತ್ತು. ಆಗ ರಸ್ತೆಯ ಮೇಲೆ ಮೂರು ಜಾತಿಯ ಬ್ಯಾಟರಿಗಳು ಓಡಾಡುತ್ತಿದ್ದವು. ಒಂದು ಸೀಸದ್ದು, ಹಳೇ ಕಾಲದ್ದು. ಅದನ್ನು ಖಾಲಿ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸಲ್ಫೇಟಿನ ಹರಳು ಕೂತು ಸತ್ತೇ ಹೋಗುತ್ತದೆ, ಹಾಗಾಗಿ ದಿನಾ ಕಂಠಪೂರ್ತಿ ತುಂಬಿಸಬೇಕು, ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಎರಡನೆಯದು ನಿಕ್ಕಲ್ ಬೆರೆತ ಲಿಥಿಯಂ. ಹಗುರ, ಚುರುಕು, ದೂರ ಓಡುತ್ತದೆ. ಆದರೆ ಇದನ್ನು ದಿನಾ ಕಂಠಪೂರ್ತಿ ತುಂಬಿಸಿದರೆ, ಅದರಲ್ಲೂ ಬೇಸಿಗೆಯಲ್ಲಿ, ಒಳಗೊಳಗೇ ಕೆಡುತ್ತದೆ, ಗ್ಯಾಸು ಕಟ್ಟಿ ಉಬ್ಬುತ್ತದೆ. ನೂರಕ್ಕೆ ಎಂಬತ್ತು ತುಂಬಿದಾಗ ನಿಲ್ಲಿಸಬೇಕು, ಇಪ್ಪತ್ತಕ್ಕಿಂತ ಕೆಳಗೆ ಇಳಿಸಬಾರದು. ಮೂರನೆಯದು ಕಬ್ಬಿಣದ ಫಾಸ್ಫೇಟಿನ ಲಿಥಿಯಂ. ಭಾರ ಜಾಸ್ತಿ, ಜೀವ ಗಟ್ಟಿ. ಆದರೆ ವಾರಕ್ಕೊಮ್ಮೆ ಪೂರ್ತಿ ತುಂಬಿಸದಿದ್ದರೆ ತನ್ನ ಹೊಟ್ಟೆಯಲ್ಲಿ ಎಷ್ಟಿದೆ ಎನ್ನುವ ಅಂದಾಜೇ ಅದಕ್ಕೆ ತಪ್ಪುತ್ತದೆ, ನಡುರಸ್ತೆಯಲ್ಲಿ ಕೈಕೊಡುತ್ತದೆ. ಓಡಿ ಬಂದ ಬಿಸಿ ಮೈಗೇ ಚಾರ್ಜರ್ ಹಚ್ಚಬಾರದು ಎನ್ನುವುದು ಮಾತ್ರ ಎಲ್ಲಕ್ಕೂ ಒಂದೇ ನಿಯಮ.

ಇದನ್ನೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಾರೆ? ಜನ ಮೂರಕ್ಕೂ ಒಂದೇ ಉಪಚಾರ ಮಾಡಿದರು. ಗಾಡಿ ನಿಲ್ಲಿಸಿದ ಕೂಡಲೇ ಹಚ್ಚುವುದು, ಹೊರಡುವಾಗ ಕೀಳುವುದು. ಕೈಪಿಡಿಯನ್ನು ಯಾರೂ ಓದಲಿಲ್ಲ. ಆದ್ದರಿಂದ ಹುಬ್ಬಳ್ಳಿಯ ಹೊರವಲಯದಲ್ಲಿದ್ದ ಈ ಕಂಪನಿ ಪ್ರತಿ ಬ್ಯಾಟರಿಯ ಒಳಗೆ ಉಗುರಿನಷ್ಟು ಚಿಪ್ ಕೂರಿಸಿತು. ಅದಕ್ಕೆ ಒಂದು ಕಿವಿ, ಒಂದು ಬಾಯಿ, ಮತ್ತು ಅನುಭವದಿಂದ ಕಲಿಯುವಷ್ಟು ಬುದ್ಧಿ. ತನ್ನ ಜಾತಿ ಯಾವುದು, ಇವತ್ತಿನ ಬಿಸಿಲೆಷ್ಟು, ಸೆಲ್ಲುಗಳ ಹಣೆ ಎಷ್ಟು ಸುಡುತ್ತಿದೆ ಎಂದು ನೋಡಿಕೊಂಡು ಅದು ಎರಡೇ ಮಾತು ಆಡುತ್ತಿತ್ತು. ಹಸಿದಾಗ "ಬೇಕು". ತೃಪ್ತಿಯಾದಾಗ "ಸಾಕು".

ಮಾಲೀಕ ಕೂಡ ಒಂದು ಮಾತು ಆಡಬಹುದಿತ್ತು: "ಹಾಕು". ಬ್ಯಾಟರಿ ಸಾಕು ಅಂದ ಮೇಲೂ ಅವನು ಹೀಗೆಂದರೆ ಚಾರ್ಜ್ ಮುಂದುವರಿಯುತ್ತದೆ. ಇದು ಕಂಪನಿಯ ಔದಾರ್ಯವಲ್ಲ, ಕಾನೂನು. ಹಿಂದೊಮ್ಮೆ ಯಾರೋ ಕಿಡಿಗೇಡಿಗಳು ದೂರದಿಂದಲೇ ಊರಿನ ಗಾಡಿಗಳನ್ನೆಲ್ಲ ನಿಲ್ಲಿಸಿ ಆಟವಾಡಿದ ಮೇಲೆ, ಗಾಡಿಯ ಮೇಲೆ ಮಾಲೀಕನದೇ ಕೊನೆಯ ಮಾತು, ಹೊರಗಿನವರು ಯಾರೂ ಅದನ್ನು ತಡೆಯಕೂಡದು ಎಂದು ಸರ್ಕಾರ ಕಟ್ಟಪ್ಪಣೆ ಮಾಡಿತ್ತು. ಕಂಪನಿಯ ಕಂಟ್ರೋಲ್ ರೂಮಿನವರು ದೂರದಿಂದ ನೋಡಬಹುದು, ಅಪಾಯವೆನಿಸಿದರೆ ಬ್ಯಾಟರಿಯ ಬಾಯಿಂದ ಎಚ್ಚರಿಸಬಹುದು. ಮುಟ್ಟುವ ಹಾಗಿಲ್ಲ.

ಆ ಬಾಯಿಯ ದನಿ ದಾಕ್ಷಾಯಿಣಿ ಕಡಕೋಳ ಎಂಬ ಎಂಜಿನಿಯರದ್ದು. ಸ್ಟುಡಿಯೋದಲ್ಲಿ ಕಲಾವಿದೆಯೊಬ್ಬಳಿಂದ ಹೇಳಿಸಿದ "ಸಾಕು" ಸೀರೆ ಅಂಗಡಿಯ ಜಾಹೀರಾತಿನಂತೆ ಕೇಳಿಸಿತ್ತು. ಪರೀಕ್ಷೆಗೆಂದು ದಾಕ್ಷಾಯಿಣಿ ಸಿಡಿಮಿಡಿಯಿಂದ ಹೇಳಿಟ್ಟಿದ್ದ "ಸಾಕು" ಎಲ್ಲರಿಗೂ ಹಿಡಿಸಿ ಅದೇ ಉಳಿದುಬಿಟ್ಟಿತು. ಅವಳ ಸ್ವಭಾವವೇ ಹಾಗೆ. ಕುಳಿತಲ್ಲಿ ಕೂರುವವಳಲ್ಲ. ಕಂಟ್ರೋಲ್ ರೂಮಿನಲ್ಲಿ ಅವಳ ಕುರ್ಚಿ ಯಾವಾಗಲೂ ಖಾಲಿ, ಅವಳು ಯಾವಾಗಲೂ ಪರದೆಗಳ ಮುಂದೆ ಆ ತುದಿಯಿಂದ ಈ ತುದಿಗೆ.

ಆ ಏಪ್ರಿಲ್ಲಿನಲ್ಲಿ ಅವಳ ಓಡಾಟ ಇನ್ನಷ್ಟು ಹೆಚ್ಚಿತು. ಮಂಗಳೂರು, ಮೈಸೂರು, ತುಮಕೂರುಗಳ ಬ್ಯಾಟರಿಗಳು ಹೇಳಿಕೊಟ್ಟಂತೆ ಎಂಬತ್ತಕ್ಕೆ "ಸಾಕು" ಅನ್ನುತ್ತಿದ್ದವು. ಹುಬ್ಬಳ್ಳಿಯವು ಎಪ್ಪತ್ತಕ್ಕೇ ಅನ್ನತೊಡಗಿದವು. ಆಮೇಲೆ ಅರವತ್ತಕ್ಕೆ. ಕೆಲವು ಅರ್ಧ ಹೊಟ್ಟೆಯಲ್ಲೇ "ಸಾಕು" ಎಂದು ರಾಗ ತೆಗೆದವು. ಅವೇ ಸೆಲ್ಲುಗಳು, ಅದೇ ಚಿಪ್ಪು, ಒಂದೇ ಕಾರ್ಖಾನೆಯ ಸರಕು. ಊರು ಮಾತ್ರ ಬೇರೆ.

ಮುಖ್ಯಸ್ಥ ಶ್ರೀವತ್ಸ ಮೈಸೂರಿನವರು. ಮೃದು ಮಾತಿನ, ಇಸ್ತ್ರಿ ಕೆಡದ ಅಂಗಿಯ ಮನುಷ್ಯ. ಬಿಸಿಲಿಗೆ ಸೆನ್ಸಾರು ಕೆಟ್ಟಿರಬೇಕು ಎಂದರು. ತೆಗೆಸಿ ನೋಡಿದರೆ ಸೆನ್ಸಾರು ಸರಿಯಾಗಿತ್ತು. ಊರಿನ ವೋಲ್ಟೇಜು ಕೆಟ್ಟಿರಬೇಕು ಎಂದರು. ಅದೂ ಸರಿಯಾಗಿತ್ತು. ಇದೆಲ್ಲದರ ಮಧ್ಯೆ ಗೋಕುಲ ರೋಡಿನಲ್ಲಿ ಒಂದು ಸ್ಕೂಟರಿನ ಬ್ಯಾಟರಿ ಹಪ್ಪಳದಂತೆ ಉಬ್ಬಿ ಸೀಟನ್ನೇ ಎತ್ತಿಹಾಕಿತು. ಹೊಗೆ ಬಂತು, ಯಾರಿಗೂ ಏನೂ ಆಗಲಿಲ್ಲ. ದಾಕ್ಷಾಯಿಣಿಗೆ ಮಾತ್ರ ಅಂದಿನಿಂದ ಊಟ ಸೇರದು, ನಿದ್ದೆ ಹತ್ತದು. ಆ ಬ್ಯಾಟರಿ ಎಷ್ಟು ಸಲ "ಸಾಕು" ಅಂದಿತ್ತು ಎಂಬುದನ್ನು ಅವಳು ಧ್ವನಿಮುದ್ರಣದಲ್ಲಿ ಕೇಳಿಸಿಕೊಂಡಿದ್ದಳು, ತನ್ನದೇ ದನಿಯಲ್ಲಿ.

ಭಾನುವಾರ ಅವ್ವನನ್ನು ನೋಡಲು ಹೋದಳು. ಅವ್ವ ಗೌರವ್ವ ಹಳೇ ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುತ್ತಾಳೆ. ಗಂಡ ಹೋದ ಮೇಲೆ ಕೈಹಾಕಿದ ಕೆಲಸ, ಈಗ ಅದು ಅವಳನ್ನೇ ಓಡಿಸುತ್ತಿದೆ. ಬೆಳಿಗ್ಗೆ ರೊಟ್ಟಿ ಬಡಿಸಿ, ಮಧ್ಯಾಹ್ನ ಊಟದ ಡಬ್ಬಿಗಳನ್ನು ತನ್ನ ಮೂರು ಗಾಲಿಯ ಎಲೆಕ್ಟ್ರಿಕ್ ಗಾಡಿಗೆ ಹೇರಿಕೊಂಡು ಆಸ್ಪತ್ರೆಗೂ ಹಾಸ್ಟೆಲ್ಲುಗಳಿಗೂ ಕಾರ್ಖಾನೆಗಳಿಗೂ ತಾನೇ ಹೊಡೆದುಕೊಂಡು ಹೋಗಿ ಮುಟ್ಟಿಸುತ್ತಾಳೆ. ಸೆರಗನ್ನು ಸೊಂಟಕ್ಕೆ ಸಿಗಿಸಿ ಹಾರ್ನ್ ಹೊಡೆಯುತ್ತ ಬರುವ ಅವಳನ್ನು ಕಂಡರೆ ಸಿಟಿ ಬಸ್ಸಿನ ಡ್ರೈವರುಗಳೂ ದಾರಿ ಬಿಡುತ್ತಾರೆ.

ಮಗಳನ್ನು ತಾಟಿನ ಮುಂದೆ ಕೂರಿಸಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೊಸರು. ಎರಡು ರೊಟ್ಟಿ ಮುಗಿಯುವ ಹೊತ್ತಿಗೆ ದಾಕ್ಷಾಯಿಣಿ "ಸಾಕು" ಅಂದಳು. ಮೂರನೆಯದು ಬಿತ್ತು. ಸಾಕು ಅಂದಳು. ನಾಲ್ಕನೆಯದು ಬಿತ್ತು. ಪಕ್ಕದ ಸಾಲಿನಲ್ಲಿ ಉಣ್ಣುತ್ತಿದ್ದ ಗಿರಾಕಿಗಳದೂ ಅದೇ ಕಥೆ. ಒಬ್ಬ ಒಂದೇ ರೊಟ್ಟಿಗೆ "ಸಾಕ್ರೀ" ಎಂದು ಶುರು ಹಚ್ಚಿಕೊಂಡಿದ್ದ. ಹೊಟ್ಟೆ ತುಂಬಿದ ಮೇಲೆ ಸಾಕೆಂದರೆ ಕೆಟ್ಟೆ ಎಂದು ಅವನಿಗೆ ಗೊತ್ತು. ಇನ್ನೂ ಎರಡು ಬೀಳುತ್ತವೆ ಎಂಬ ಲೆಕ್ಕ ಹಾಕಿಯೇ ಮೊದಲೇ ಕೂಗುತ್ತಾನೆ. ಬಡಿಸುವವಳಿಗೂ ಅದು ಗೊತ್ತು, ಹಾಗಾಗಿ ಅವಳು ಎರಡಲ್ಲ, ಮೂರು ಹಾಕುತ್ತಾಳೆ. ಈ ಕಡೆಯ ಊಟವೇ ಹಾಗೆ. ಇಲ್ಲಿ "ಸಾಕು" ಎನ್ನುವುದು ಉಪಚಾರದ ಮೊದಲ ಮಾತು, ಕೊನೆಯದಲ್ಲ.

ದಾಕ್ಷಾಯಿಣಿಯ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅಷ್ಟರಲ್ಲಿ ಹಿತ್ತಲಿನ ತಗಡಿನ ಚಪ್ಪರದ ಕೆಳಗಿಂದ ಅವಳದೇ ದನಿ ಕೇಳಿಸಿತು: "ಸಾಕು."

"ಇನ್ನೊಂದೀಟು ತಗೋವಾ," ಗೌರವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಅತ್ತ ಕೂಗಿದಳು, "ಮಧ್ಯಾಹ್ನ ದೂರ ಹೋಗೂದೈತಿ. ಹಾಕು."

ಹಿತ್ತಲಿಗೆ ಹೋಗಿ ನೋಡಿದರೆ ಗಾಡಿ ಈಗಷ್ಟೇ ಮಾರ್ಕೆಟ್ಟಿನಿಂದ ಬಂದಿತ್ತು. ಮೈ ಸುಡುತ್ತಿತ್ತು. ಬಂದದ್ದೇ ತಡ ಚಾರ್ಜಿಗೆ ಹಚ್ಚಿಯಾಗಿತ್ತು. ಅದು ನಿಕ್ಕಲ್ ಜಾತಿಯದು. ಮಗಳು ತಗಾದೆ ಮಾಡಿದಳು, ವೈರು ಕಿತ್ತಳು, ಬಿಸಿ ಆರುವವರೆಗೆ ಕಾಯಬೇಕು, ಎಂಬತ್ತರ ಮೇಲೆ ತುಂಬಿಸಬಾರದು ಎಂದು ಪಾಠ ಹೇಳಿದಳು. ಹಳೇ ಸೀಸದ ಬ್ಯಾಟರಿ ಒಳಗೆ ಬುಳುಬುಳು ಅಂದಾಗಲೇ ಅದರ ಹೊಟ್ಟೆ ತುಂಬಿತೆಂದು ತಿಳಿಯುತ್ತಿತ್ತು, ಇದಕ್ಕೆ ಮಾತು ಬರುತ್ತದೆಯೇ ಹೊರತು ಉಣ್ಣುವುದು ಬರುವುದಿಲ್ಲ ಎಂದು ತಾಯಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು:

"ನೀ ಅಂತೂ ತಿಂಗಳಿಗೊಮ್ಮಿ ಬರ್ತಿ. ಇದು ದಿನಾ ನಿನ್ನ ದನೀಲೆ ಬೇಕು ಅಂತೈತಿ, ಸಾಕು ಅಂತೈತಿ. ನಿನ್ನ ದನಿ ಕೇಳಿ ಅರ್ಧಾ ಹೊಟ್ಟೀಲೆ ಹೆಂಗ ಬಿಡ್ಲಿ ಹೇಳು."

ದಾಕ್ಷಾಯಿಣಿಗೆ ಬಂದ ಸಿಟ್ಟು ಅಲ್ಲೇ ಕರಗಿ ನಾಚಿಕೆಯಾಯಿತು. ಹೊರಡುವಾಗ ಮತ್ತೊಮ್ಮೆ ಎಚ್ಚರಿಸಿದಳು. ಆಗಲಿ ಎಂದು ಗೌರವ್ವ ತಲೆಯಾಡಿಸಿದಳು, ಎಲ್ಲದಕ್ಕೂ ಆಡಿಸುವ ಹಾಗೆ.

ಕಂಟ್ರೋಲ್ ರೂಮಿನಲ್ಲಿ ಅವಳು ತನ್ನ ಶೋಧ ಮಂಡಿಸಿದಾಗ ಮೊದಲು ಯಾರಿಗೂ ಅರ್ಥವಾಗಲಿಲ್ಲ. ಚಿಪ್ಪು ಕೆಟ್ಟಿಲ್ಲ, ಕಲಿತಿದೆ ಎಂದಳು. ಇಲ್ಲಿ ಎಂಬತ್ತಕ್ಕೆ ಸಾಕು ಅಂದರೆ ನೂರರ ತನಕ ತುಂಬಿಸುತ್ತಾರೆ. ಹಾಗಾಗಿ ಅದು ಎಪ್ಪತ್ತಕ್ಕೇ ಅನ್ನತೊಡಗಿತು. ಜನ ಅದನ್ನೂ ಕೇಳಲಿಲ್ಲ, ಅದು ಅರವತ್ತಕ್ಕೆ ಬಂತು. ಈ ಊರಿನಲ್ಲಿ ಬದುಕುವ ಯಾವ ಅತಿಥಿಯಾದರೂ ಮಾಡುವುದನ್ನೇ ಅದೂ ಮಾಡುತ್ತಿದೆ. ಕಬ್ಬಿಣದ ಜಾತಿಯವು ಗಟ್ಟಿಮುಟ್ಟು, ತಡೆದುಕೊಂಡಿವೆ. ನಿಕ್ಕಲ್ಲಿನವು ಒಳಗೆ ಬೇಯುತ್ತಿವೆ.

"ಸಾಕು ಅಂದ್ರೆ ಸಾಕು ತಾನೇ ದಾಕ್ಷಾಯಿಣಿ?" ಶ್ರೀವತ್ಸ ನಿಜವಾಗಿಯೂ ಗೊಂದಲಗೊಂಡು ಕೇಳಿದರು.

"ನಿಮ್ಮೂರಾಗ ಸರ್," ಎಂದಳು ಅವಳು.

ಶಬ್ದ ಬದಲಿಸಿ ನೋಡಿದರು. "ಬೇಡ" ಎಂದು ಹಾಕಿದರು; ಊಟಕ್ಕೆ ಕೂತು ಬೇಡ ಎನ್ನುವವನಿಗೆ ಇಲ್ಲಿ ಇನ್ನೂ ಜಾಸ್ತಿ ಒತ್ತಾಯ. "ನಿಲ್ಲಿಸಿ" ಎಂದು ಹಾಕಿದರು. ಇದ್ಯಾಕೆ ಪೊಲೀಸರ ಹಾಗೆ ಮಾತಾಡುತ್ತದೆ ಎಂದು ದೂರುಗಳು ಬಂದವು. ಗಂಟೆ ಬಾರಿಸಿದರು, ಜನ ಅದನ್ನು ಬಟ್ಟೆ ಸುತ್ತಿ ಮುಚ್ಚಿದರು. "ಹಾಕು" ಎಂಬ ಮಾತನ್ನೇ ಕಿತ್ತುಹಾಕಿಬಿಡಿ, ಬೇಕಾದರೆ ಕಾನೂನಿನವರ ಹತ್ತಿರ ನಾನೇ ಹೋಗಿ ಮಾತಾಡುತ್ತೇನೆ ಎಂದು ದಾಕ್ಷಾಯಿಣಿ ಪಟ್ಟು ಹಿಡಿದಳು. ಹೇಳಿದಂತೆ ಕೇಳದ ಗಾಡಿಯನ್ನು ಯಾರು ಕೊಳ್ಳುತ್ತಾರೆ ಎಂದು ಮಾರಾಟದವರು ಬಾಯಿ ಮುಚ್ಚಿಸಿದರು. ಬಿಸಿಲು ಏರುತ್ತಲೇ ಇತ್ತು. ಅವಳು ನಿಂತಲ್ಲಿ ನಿಲ್ಲಲಾರದೆ ಪರದೆಯಿಂದ ಪರದೆಗೆ ಹೋಗುತ್ತಿದ್ದಳು, ಸುಮ್ಮನೆ ಒಂದು ಗಾಡಿಯನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದಳು. ಹಳೇ ಹುಬ್ಬಳ್ಳಿಯ ಒಂದು ಹಿತ್ತಲು, ಒಂದು ಮೂರು ಗಾಲಿ.

ಪರದೆಯ ಮೇಲೆ ಅದು ಕೆಂಪಾದದ್ದು ನಡುಮಧ್ಯಾಹ್ನ, ಊಟದ ಭರಾಟೆಯಲ್ಲಿ.

ಗಾಡಿ ಚಾರ್ಜಿನಲ್ಲಿತ್ತು. ಒಟ್ಟು ಬ್ಯಾಟರಿ ಅಷ್ಟೇನೂ ಬಿಸಿಯಾಗಿರಲಿಲ್ಲ, ಆದ್ದರಿಂದ ಅತಿ ಬಿಸಿಗೆ ತಾನೇ ತಾನಾಗಿ ಕರೆಂಟು ಕತ್ತರಿಸುವ ಸ್ವಿಚ್ಚಿಗೆ ಏನೂ ಗೊತ್ತಾಗಿರಲಿಲ್ಲ. ಆ ಸ್ವಿಚ್ಚು ಇಡೀ ಪೆಟ್ಟಿಗೆಯ ಬಿಸಿ ನೋಡುತ್ತದೆ, ನಡುವಿನ ಒಂದು ಸೆಲ್ಲಿನ ಜ್ವರ ನೋಡುವುದಿಲ್ಲ. ಚಿಪ್ಪಿಗೆ ಗೊತ್ತಿತ್ತು. ದಿನಾ ಉಬ್ಬರಿಸಿ ಉಂಡು ಒಳಗೆ ಪದರ ಹರಿದಿದ್ದ ಆ ಒಂದು ಸೆಲ್ಲು ಈಗ ತನ್ನಷ್ಟಕ್ಕೆ ಕಾಯುತ್ತಿತ್ತು. ಅದು ಸಿಡಿದರೆ ಪಕ್ಕದ್ದು ಹೊತ್ತಿಕೊಳ್ಳುತ್ತದೆ, ಆಮೇಲೆ ಅದರ ಪಕ್ಕದ್ದು. ಚಿಪ್ಪಿನ ಕೈಯಲ್ಲಿ ಇದ್ದದ್ದು ಒಂದೇ ಆಯುಧ, ಅದನ್ನೇ ಅದು ಬೀಸುತ್ತಿತ್ತು: ಸಾಕು, ಸಾಕು, ಸಾಕು. ಈ ಸಲ ನಿಜವಾಗಿ.

ದಾಕ್ಷಾಯಿಣಿ ಫೋನ್ ಮಾಡಿದಳು. ಬಡಿಸುವ ಹೊತ್ತಿನಲ್ಲಿ ಗೌರವ್ವ ಫೋನ್ ಎತ್ತುವವಳಲ್ಲ. ಮತ್ತೆ ಮಾಡಿದಳು. ಅಗ್ನಿಶಾಮಕದವರಿಗೆ ಹೇಳಿಸಿದಳು; ಅವರು ಬರುವುದು ಆ ಗಲ್ಲಿಗಳಲ್ಲಿ ನುಸುಳಿಕೊಂಡು. ಕೊನೆಗೆ ಅಪಾಯದ ಕೀಲಿ ಒತ್ತಿ ಬ್ಯಾಟರಿಯ ಕಿವಿ, ಬಾಯಿ ಎರಡನ್ನೂ ತನ್ನತ್ತ ತೆರೆದುಕೊಂಡಳು. ಹಿತ್ತಲು ಕೇಳಿಸಿತು. ಪಾತ್ರೆಯ ಸದ್ದು, ದೂರದಲ್ಲಿ ಗಿರಾಕಿಗಳ ಗದ್ದಲ, ಹತ್ತಿರದಲ್ಲೇ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುವ ಸಪ್ಪಳ. ಅವ್ವ ಗಾಡಿಯ ಪಕ್ಕದಲ್ಲೇ ಇದ್ದಳು.

"ಸಾಕು," ಎಂದಳು ದಾಕ್ಷಾಯಿಣಿ ಮೈಕಿಗೆ. "ಸಾಕು. ಸಾಕು."

"ಹಾಕು," ಎಂದಿತು ಅವ್ವನ ದನಿ, ಬೇಸರವಿಲ್ಲದೆ, ಅಭ್ಯಾಸಬಲದಿಂದ.

ಅವಳು ಇಷ್ಟು ವರ್ಷ ಓದಿದ್ದು, ಕಟ್ಟಿದ್ದು ಎಲ್ಲವೂ ಈ ಒಂದು ಮಾತಿನ ಮುಂದೆ ಸೊನ್ನೆಯಾಯಿತು. ಪರದೆಯ ಮೇಲಿನ ಕೆಂಪು ದಪ್ಪವಾಗುತ್ತಿತ್ತು. ಹಿಂದೆ ನಿಂತಿದ್ದ ಶ್ರೀವತ್ಸ ಏನೋ ಹೇಳುತ್ತಿದ್ದರು, ಅದು ಅವಳ ಕಿವಿಗೆ ಬೀಳಲಿಲ್ಲ. ಎದೆಯೊಳಗಿನಿಂದ ಎದ್ದ ಕೂಗನ್ನು ಅವಳು ಹಾಗೇ ಬಿಟ್ಟಳು.

"ಅವ್ವಾ!"

ಡಬ್ಬಿಗಳ ಸಪ್ಪಳ ನಿಂತಿತು. ಗಕ್ಕನೆ ವೈರು ಕಿತ್ತ ಸದ್ದು ಕೇಳಿಸಿತು. ಪರದೆಯ ಮೇಲೆ ಚಾರ್ಜ್ ಗೆರೆ ಬಿದ್ದುಹೋಯಿತು. ಕಂಟ್ರೋಲ್ ರೂಮಿನಲ್ಲಿ ಯಾರೋ ಉಸಿರು ಬಿಟ್ಟರು. ದಾಕ್ಷಾಯಿಣಿ ಬಿಡಲಿಲ್ಲ, ಯಾಕೆಂದರೆ ಸೆಲ್ಲಿನ ಬಿಸಿ ಇಳಿಯುತ್ತಿರಲಿಲ್ಲ. ಅದು ಹೊರಗಿನ ಕರೆಂಟಿನ ಹಂಗು ದಾಟಿಯಾಗಿತ್ತು.

"ಯಾಕವಾ? ಏನಾತು ತಂಗಿ? ಎಲ್ಲಿದ್ದೀ?" ದನಿ ಇನ್ನೂ ಹತ್ತಿರ ಬಂದಿತು. ಅವ್ವ ಸೀಟಿನ ಮುಚ್ಚಳ ಎತ್ತುತ್ತಿದ್ದಳು.

ದೂರ ಹೋಗು, ಅದು ಸಿಡಿಯುತ್ತದೆ, ಒಳಗೆ ಓಡು ಎಂದು ಮಗಳು ಅರಚಿದಳು. ಅರಚಿದಷ್ಟೂ ತಾಯಿ ಹತ್ತಿರ ಬಂದಳು. ಸುಡಾಕತ್ತೈತಲ್ಲ, ನೀರು ಹಾಕಲೇನು, ನಿನ್ನನ್ನು ಬಿಟ್ಟು ನಾನೆಲ್ಲಿಗೆ ಹೋಗಲಿ ಎಂದು ಅವಳು ಮುಚ್ಚಳದ ಮೇಲೆ ಕೈಯಾಡಿಸುತ್ತಿದ್ದಳು. ನೋವಿನಲ್ಲಿರುವ ಮಗಳ ಕೂಗು ಕೇಳಿ ದೂರ ಓಡುವ ತಾಯಿ ಎಲ್ಲಿದ್ದಾಳೆ? ಇಂಥ ಹೆಂಗಸನ್ನು ಭಯ ಹಾಕಿ ಕಳಿಸಲಾಗುವುದಿಲ್ಲ ಎಂದು ದಾಕ್ಷಾಯಿಣಿಗೆ ಹೊಳೆಯಿತು. ಅವಳನ್ನು ಕೆಲಸ ಕೊಟ್ಟೇ ಕಳಿಸಬೇಕು. ಅವಳು ದನಿ ಇಳಿಸಿದಳು. ಅಳು ನುಂಗಿದಳು.

"ಅವ್ವಾ, ನಂಗ ಹಸಿವ್ಯಾಗೈತಿ. ಮುಂಜಾನಿಂದ ಏನೂ ಉಂಡಿಲ್ಲ. ಈಗಿಂದೀಗ ಒಳಗ ಹೋಗು, ನಂಗೊಂದು ಬುತ್ತಿ ಕಟ್ಟು."

ಸೀಟಿನ ಮುಚ್ಚಳ ಬಿದ್ದ ಸದ್ದು ಬಂತು. ಆಮೇಲೆ, "ಬಿಸೀವು ಮಾಡ್ತೀನಿ, ತಡಿ," ಎನ್ನುವ ದನಿ, ದೂರವಾಗುತ್ತಿರುವ ಚಪ್ಪಲಿಯ ಸಪ್ಪಳ, ಅಡುಗೆಮನೆಯ ಬಾಗಿಲು.

ಬ್ಯಾಟರಿಯ ಕಿವಿ ಅಷ್ಟೇ ಕೇಳಿಸಿತು. ಆಮೇಲಿನದನ್ನು ಕೇಳಿಸಲು ಅದೇ ಉಳಿಯಲಿಲ್ಲ.

ಗಾಡಿ ಸುಟ್ಟು ಕರಕಲಾಯಿತು. ತಗಡಿನ ಚಪ್ಪರ ಮಡಚಿಕೊಂಡು ಬಿತ್ತು. ಡಬ್ಬಿಗಳು ಅಕ್ಕಪಕ್ಕದ ಹಿತ್ತಲುಗಳಿಗೆ ಹಾರಿದವು. ಖಾನಾವಳಿಯ ಹಿಂದಿನ ಗೋಡೆ ಕಲ್ಲಿನದು, ಅದು ಒಲೆಯನ್ನೂ ಒಲೆಯ ಮುಂದಿನವಳನ್ನೂ ಕಾಯಿತು. ಗಿರಾಕಿಗಳು ಕೈ ತೊಳೆಯದೆ ಬೀದಿಗೆ ಓಡಿದರು. ಗೌರವ್ವ ಮಾತ್ರ ಬುತ್ತಿ ಕಟ್ಟಿ ಮುಗಿಸಿಯೇ ಹೊರಗೆ ಬಂದಳಂತೆ. ಆಮೇಲೆ ಮಗಳ ಫೋನ್ ಎತ್ತಿ, ನೀ ಅಲ್ಲೇ ಇರು, ಬುತ್ತಿ ನಾನೇ ತರುತ್ತೇನೆ ಎಂದಳು.

ಸಂಜೆಯೊಳಗೆ ಕಂಪನಿಯಲ್ಲಿ ಒಂದು ಬಗೆಯ ಹಬ್ಬದ ವಾತಾವರಣ. ಶ್ರೀವತ್ಸ ಆ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿದ್ದರು. ದಾಕ್ಷಾಯಿಣಿಯನ್ನು ಕರೆಸಿ ನೀರು ಕೊಟ್ಟು ಕೂರಿಸಿದರು. ನಿಮ್ಮ ತಾಯಿ ಉಳಿದದ್ದು ದೊಡ್ಡದು ಎಂದರು, ಮನಸಾರೆಯೇ ಅಂದರು. ಆಮೇಲೆ ಮೃದುವಾಗಿ ವಿಷಯಕ್ಕೆ ಬಂದರು. ಯಾವ ಶಬ್ದಕ್ಕೂ ನಿಲ್ಲದ ಊರು ಒಂದು ಶಬ್ದಕ್ಕೆ ನಿಂತಿದೆ. ಅಷ್ಟೂ ದಿನ ಹುಡುಕಿದ್ದು ಸಿಕ್ಕಿದೆ. ಇನ್ನು ಮುಂದೆ ಬ್ಯಾಟರಿಗಳು ಅಪಾಯದಲ್ಲಿದ್ದಾಗ "ಅವ್ವಾ" ಎಂದು ಕೂಗಲಿ, ಆಮೇಲೆ "ಹಸಿವ್ಯಾಗೈತಿ" ಎಂದು ಒಳಗೆ ಕಳಿಸಲಿ. ಬೇಸಿಗೆ ಇನ್ನೂ ಮುಗಿದಿಲ್ಲ, ಊರಿನಲ್ಲಿ ಇಂಥ ಬ್ಯಾಟರಿಗಳು ಇನ್ನೆಷ್ಟಿವೆಯೋ. ನಿಮ್ಮ ಒಪ್ಪಿಗೆ ಸಾಕು, ನಾಳೆಯೇ ಎಲ್ಲಕ್ಕೂ ಕಳಿಸಿಬಿಡೋಣ. ಎಷ್ಟು ತಾಯಂದಿರು ಉಳಿಯುತ್ತಾರೆ ಯೋಚನೆ ಮಾಡಿ ಎಂದರು.

ಅದನ್ನು ಅಲ್ಲಗಳೆಯುವುದು ಸುಲಭವಿರಲಿಲ್ಲ. ದಾಕ್ಷಾಯಿಣಿ ಎದ್ದಳು. ಅಷ್ಟರಲ್ಲಿ ಕೆಳಗಿನಿಂದ ಫೋನ್ ಬಂದಿತು: ನಿಮ್ಮ ತಾಯಿಯವರು ಬಂದಿದ್ದಾರೆ.

ಗೌರವ್ವ ಗೇಟಿನ ಪಕ್ಕದ ಕ್ಯಾಂಟೀನಿನಲ್ಲಿ ಕುಳಿತಿದ್ದಳು. ಸೀರೆಯ ತುಂಬ ಹೊಗೆಯ ವಾಸನೆ. ಎರಡು ಬಸ್ಸು ಬದಲಿಸಿ ಬಂದಿದ್ದಳು. ಗಾಡಿಯ ಸುದ್ದಿ ಎತ್ತಲಿಲ್ಲ. ಮಗಳ ಮುಖ, ಕೈ, ತೋಳು ಮುಟ್ಟಿ ನೋಡಿದಳು, ಆಮೇಲೆ ಗಂಟು ಬಿಚ್ಚಿದಳು. ದಾಕ್ಷಾಯಿಣಿಗೆ ಹಸಿವೆಂಬುದೇ ಇರಲಿಲ್ಲ. ಆದರೂ ಮುರಿದು ಬಾಯಿಗಿಟ್ಟಳು. ತಾಯಿ ಸ್ವಲ್ಪ ಹೊತ್ತು ಅವಳು ಉಣ್ಣುವುದನ್ನೇ ನೋಡಿದಳು.

"ಖರೇ ಹೇಳು. ಆಗ ಅವ್ವಾ ಅಂದಾಕಿ ನೀನೋ, ಆ ಬ್ಯಾಟರಿ ಡಬ್ಬೀನೋ?"

"ನಾನ ಅವ್ವಾ."

ಗೌರವ್ವ ತಲೆಯಾಡಿಸಿದಳು. ದಾಕ್ಷಾಯಿಣಿ ತಡೆಯಲಾರದೆ ಶ್ರೀವತ್ಸ ಕೇಳಿದ್ದನ್ನು ಹೇಳಿದಳು. ಎಲ್ಲ ಬ್ಯಾಟರಿಗಳಿಗೂ ಆ ಮಾತು ಕಲಿಸುತ್ತಾರಂತೆ, ಅದರಿಂದ ಬಹಳ ಜನ ಉಳಿಯಬಹುದು, ಏನು ಮಾಡಲಿ ಎಂದು ಕೇಳಿದಳು. ತಾಯಿ ಇನ್ನೊಂದು ರೊಟ್ಟಿ ಮುಂದಿಟ್ಟಳು. ರೊಟ್ಟಿಯ ಮೇಲೆ ಚಟ್ನಿ ಹಾಕಿದಳು, ಅದರ ಮೇಲೆ ಎಣ್ಣೆ ಬಿಟ್ಟಳು.

"ಈ ಬ್ಯಾಸಗಿ ಉಳೀತಾರ," ಎಂದಳು. "ಬರೂ ಬ್ಯಾಸಗಿಗೆ ಅದೂ ರೂಢಿ ಆಗ್ತೈತಿ. ಸಾಕು ಅನ್ನೂದು ಸವದ್ಹಂಗ ಅದೂ ಸವೀತೈತಿ. ಆಮ್ಯಾಲ ಒಂದಿನ ಖರೇನ ನೀ ಅವ್ವಾ ಅಂತ ಒದರ್ತಿ. ಡಬ್ಬಿ ಒದರಾಕತ್ತೈತಿ ಬಿಡು ಅಂತ ನಾ ರೊಟ್ಟಿ ಬಡಕೋತ ಕುಂತಿರ್ತೀನಿ."

ದಾಕ್ಷಾಯಿಣಿ ಎಂಜಲು ಕೈಯಲ್ಲೇ ಇದ್ದಳು. ಎಡಗೈಯಿಂದ ಫೋನ್ ತೆಗೆದು ಶ್ರೀವತ್ಸರಿಗೆ ಹಚ್ಚಿದಳು. ಆಗುವುದಿಲ್ಲ ಎಂದಳು. ನಿಕ್ಕಲ್ ಬ್ಯಾಟರಿಗಳನ್ನೆಲ್ಲ ಇವತ್ತೇ ವಾಪಸು ಕರೆಸಿ, "ಹಾಕು" ಎನ್ನುವುದನ್ನು ತೆಗೆಯಲು ಕಾನೂನಿನವರ ಹತ್ತಿರ ಹೋಗಿ, ಯಾರೂ ಕೊಳ್ಳದಿದ್ದರೆ ಬೇಡ. ಅವಕ್ಕೆ ಬಾಯಿಯೇ ಇರಬಾರದು, ತಾವಾಗಿ ನಿಲ್ಲುವ ಬುದ್ಧಿ ಇದ್ದರೆ ಆಯಿತು. ನನ್ನ ದನಿಯನ್ನು ಇವತ್ತೇ ಅಳಿಸಿ. ಇಲ್ಲದಿದ್ದರೆ ನಾಳೆಯಿಂದ ನಾನು ಬರುವುದಿಲ್ಲ. ಅತ್ತಲಿಂದ ಶ್ರೀವತ್ಸ ಮೆಲ್ಲಗೆ, ತಾಳ್ಮೆಯಿಂದ ಏನೇನೋ ಹೇಳುತ್ತಲೇ ಇದ್ದರು. ಈ ಮಧ್ಯೆ ಊರಿನ ಯಾವುದೋ ಹಿತ್ತಲಿನಲ್ಲಿ ಇನ್ನೊಂದು ಗಾಡಿ ಚಾರ್ಜಿಗೆ ಬಿದ್ದಿರುತ್ತದೆ ಎಂಬುದು ಅವರಿಬ್ಬರಿಗೂ ಗೊತ್ತಿತ್ತು. ಅವಳ ಕಾಲು ಮೇಜಿನ ಕೆಳಗೆ ಅಲುಗುತ್ತಲೇ ಇತ್ತು.

ಗೌರವ್ವ ಆ ಅಲುಗುವ ಕಾಲಿನ ಮೇಲೆ ಕೈಯಿಟ್ಟಳು, ಹಾಗೇ ಇಟ್ಟುಕೊಂಡು ಕುಳಿತಳು. ಮಗಳು ಫೋನಿನಲ್ಲಿ ಇಲ್ಲ ಸರ್, ಇಲ್ಲ ಎನ್ನುತ್ತಿದ್ದಳು, ಮತ್ತು ಪ್ರತಿ ಸಲವೂ ಅದರ ಅರ್ಥ ಇಲ್ಲ ಎಂದೇ ಆಗಿತ್ತು.